ಕರೆಂಟು ಹೋದಾಗ ಬರುವವಳು

ಮದ್ದೂರಿನ ಹೊನ್ನಯ್ಯನ ಬೀದಿಯಲ್ಲಿ ಮೊದಲು ಕರೆಂಟು ಬಂದದ್ದು ಹೊನ್ನಯ್ಯನ ಮನೆಗೆ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕೈದು ವರ್ಷವಾಗುವ ಹೊತ್ತಿಗೆ ಆ ಕರೆಂಟು ಮನಸ್ಸು ಬಂದಾಗ ಬಂದು ಹೋಗುವ ನೆಂಟನಾಗಿತ್ತು. ಅದು ಹುಟ್ಟುವುದು ದೂರದಲ್ಲೇನೂ ಅಲ್ಲ; ಮಳವಳ್ಳಿ ದಾಟಿದರೆ ಬ್ಲಫ್, ಹೊಳೆ ಧುಮುಕುವ ಕಡೆ ಕಟ್ಟಿದ ಕರೆಂಟಿನ ಕಾರ್ಖಾನೆ. ಅಲ್ಲಿ ಹುಟ್ಟಿದ್ದು ಚಿನ್ನದ ಗಣಿಗೆ ಹೋಗುತ್ತಿತ್ತು, ಬೆಂಗಳೂರಿಗೆ ಹೋಗುತ್ತಿತ್ತು, ಮಿಕ್ಕಿದ್ದರೆ ಮದ್ದೂರಿನ ಕಡೆ ಮುಖ ಮಾಡುತ್ತಿತ್ತು. ಸೊಸೆ ಸಣ್ಣತಾಯಮ್ಮ ಪೂರಿಗಾಲಿಯವಳು. ಮಾವ ಗೊಣಗಿದಾಗಲೆಲ್ಲ, "ನಮ್ಮೂರ ಪಕ್ಕದಲ್ಲೇ ಉಟ್ಟಿದ್ರೂ ನಮ್ಮೂರ್ಗೇ ಇಲ್ಲ ಮಾವ. ನಿಮ್ಗೆ ಅರ್ಧ ಒತ್ತಾದ್ರೂ ಅದೆ, ಸುಮ್ಕಿರಿ" ಎನ್ನುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಹೊನ್ನಯ್ಯನ ಹೆಂಡತಿ ಹೊಂಬಾಳಮ್ಮ ಜ್ವರದಲ್ಲಿ ಮಲಗಿ, ನಡುಮನೆಯ ಗೋಡೆ ಪಕ್ಕದ ಚಾಪೆಯ ಮೇಲೆ ತೀರಿಕೊಂಡಳು. ಪ್ರಾಣ ಹೋದ ಜಾಗದಲ್ಲಿ ತಿಥಿಯ ದಿನದವರೆಗೆ ದೀಪ ಆರಬಾರದು. ಎಲ್ಲರ ಮನೆಯಲ್ಲೂ ಹಣತೆಗೆ ಹರಳೆಣ್ಣೆ ಹಾಕಿ ಯಾರಾದರೊಬ್ಬರು ಕಾಯುತ್ತಾರೆ. ಹೊನ್ನಯ್ಯ ಕೇಳಲಿಲ್ಲ.

"ಎಣ್ಣೆ ದೀಪ ಗಾಳಿಗೆ ಆರೋಯ್ತದೆ. ಕಾಯೋರು ತೂಕಡಿಸಿದ್ರೂ ಆರೋಯ್ತದೆ. ಬುರ್ಡೆ ಆರಾಕಿಲ್ಲ. ನನ್ ಹೆಂಡ್ತಿಗೆ ಕರೆಂಟ್ ದೀಪಾನೇ ಇರ್ಲಿ" ಅಂದ.

ಸಾವಿಗೆಂದು ಬೆಸಗರಹಳ್ಳಿಯಿಂದ ಬಂದಿದ್ದ ಅವನ ಅಕ್ಕ ದೇವಿರಮ್ಮ, "ಪಕ್ಕದಲ್ಲಿ ಒಂದು ಅಣತೇನೂ ಮಡಗ್ಲಾ, ನಿನ್ನ ಗಂಟೇನ್ ಓಯ್ತದೆ?" ಅಂದಳು.

"ಬ್ಯಾಡ ಅಂದ್ನಲ್ಲ ಅಕ್ಕ!"

ಬಲ್ಬು ಹಗಲೂ ರಾತ್ರಿ ಉರಿಯಿತು. ಬಂದವರೆಲ್ಲ ತಲೆಯೆತ್ತಿ ನೋಡಿ ಹೋದರು. ತಿಥಿಗೆ ಇನ್ನೂ ದಿನಗಳಿರುವಾಗ ಒಂದು ಸಂಜೆ ಕರೆಂಟು ಹೋಯಿತು. ಈಗ ಬರುತ್ತದೆ, ಆಗ ಬರುತ್ತದೆ ಎಂದು ಹೊನ್ನಯ್ಯ ಬಲ್ಬನ್ನೇ ನೋಡುತ್ತ ಕೂತ. ಅವನ ಕಣ್ಣು ತಪ್ಪಿಸಿ ಸಣ್ಣತಾಯಮ್ಮ ಹಣತೆ ತರುವ ಹೊತ್ತಿಗೆ ಹೊಂಬಾಳಮ್ಮನ ಜಾಗ ಎಷ್ಟೋ ಹೊತ್ತು ಕತ್ತಲಲ್ಲಿ ಕಳೆದಿತ್ತು.

"ದಾರಿ ಕಾಣ್ದೆ ಇಲ್ಲೇ ಉಳ್ಕಂಡ್ಲು ಕಣ್ಲಾ ಹೊನ್ನ" ಅಂದಳು ದೇವಿರಮ್ಮ. "ಬೆಳಕಿದ್ದಾಗ ಎಲ್ಲೋ ಅವಿತ್ಕಂಡಿರ್ತಾಳೆ. ಕತ್ಲಾದಾಗ ಬತ್ತಾಳೆ."

ದೇವಿರಮ್ಮ ಸಿಟ್ಟಿಗೆ ಅಂದ ಮಾತು ಅದು. ತಿಥಿಯೂಟ ಮುಗಿಸಿ ಬಸ್ಸು ಹತ್ತುವಾಗ ಅವಳಿಗೇ ಅದು ಮರೆತುಹೋಗಿತ್ತು. ಹೊನ್ನಯ್ಯನಿಗೆ ಮಾತ್ರ ಮರೆಯಲಿಲ್ಲ.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸವೆಲ್ಲ ಕರೆಂಟಿನ ಮರ್ಜಿ ನೋಡಿಕೊಂಡೇ ನಡೆಯಬೇಕಾಯಿತು. ಹಿಟ್ಟಿನ ಮಿಲ್ಲು ಇವತ್ತು ಓಡಿದರೆ ನಾಳೆ ಓಡುತ್ತಿರಲಿಲ್ಲ. ಸಣ್ಣತಾಯಮ್ಮ ಮೂಲೆ ಸೇರಿದ್ದ ರಾಗಿಕಲ್ಲನ್ನು ಎಳೆದು ಮತ್ತೆ ಬೀಸತೊಡಗಿದಳು. ಸೀಮೆಎಣ್ಣೆಯನ್ನು ಕಾರ್ಡಿಗಿಷ್ಟು ಎಂದು ಅಳೆದು ಕೊಡುತ್ತಿದ್ದ ಕಾಲ. ಸಿಕ್ಕಷ್ಟನ್ನು ಯಶೋದಮ್ಮನ ಓದಿಗೆ ಎತ್ತಿಡುತ್ತಿದ್ದರು. ಯಶೋದಮ್ಮ ಹೊನ್ನಯ್ಯನ ಕಿರಿಮಗಳು, ಹದಿನಾಲ್ಕರವಳು, ಮಿಡ್ಲ್ ಸ್ಕೂಲಿನ ಕೊನೆಯ ತರಗತಿ. ಹೊತ್ತು ಮುಳುಗುವ ಮೊದಲೇ ಸಾರು ಇಳಿಸಬೇಕು, ನೀರು ತುಂಬಬೇಕು, ಹಾಸಿಗೆ ಎಲ್ಲಿದೆ ಚೊಂಬು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು. ಮಗ ತಿಮ್ಮಯ್ಯ ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತ. ರೈಲಿಳಿದು ಕತ್ತಲಲ್ಲೇ ಮನೆಗೆ ಬಂದು, ದಿನಾ ಅದೇ ಹೊಸಿಲು ಎಡವಿ, ದಿನಾ ಹೆಂಡತಿಯನ್ನೇ ಬೈಯುತ್ತಿದ್ದ.

ಇಷ್ಟರ ಮೇಲೆ ಹೊನ್ನಯ್ಯನದೊಂದು ಹೊಸ ಕಟ್ಟಳೆ. ಕರೆಂಟು ಹೋದಾಗ ನಡುಮನೆಯಲ್ಲಿ ಇನ್ನೊಂದು ದೀಪ ಹಚ್ಚಕೂಡದು. ಬಲ್ಬು ಮಂಕಾಗಿ, ಒಳಗಿನ ತಂತಿ ಕೆಂಪಗೆ ಕಂಡು, ಅದೂ ಇಲ್ಲವಾದ ಕೂಡಲೇ ಅವನು ಪಡಸಾಲೆಯಿಂದ ಎದ್ದು ಬಂದು, ಹೆಂಡತಿ ಮಲಗಿದ್ದ ಜಾಗದ ಎದುರು ಬರಿನೆಲದ ಮೇಲೆ ಕೂರುತ್ತಿದ್ದ.

"ಬಂದ್ಯೇನಮ್ಮಿ?" ಎಂದು ಕೇಳುತ್ತಿದ್ದ.

ಯಾರೂ ಉತ್ತರ ಕೊಡುತ್ತಿರಲಿಲ್ಲ. ಯಶೋದಮ್ಮ ಅತ್ತಿಗೆಯ ಸೆರಗು ಹಿಡಿದುಕೊಂಡು ಉಸಿರು ಬಿಗಿಹಿಡಿಯುತ್ತಿದ್ದಳು. ಕೊಟ್ಟಿಗೆಯಲ್ಲಿ ಎಮ್ಮೆ ಕಾಲು ಬದಲಿಸಿದರೂ ಎಲ್ಲರೂ ಬೆಚ್ಚಿ ಆ ಕಡೆ ತಿರುಗುತ್ತಿದ್ದರು. ಕರೆಂಟು ಬಂದ ಮೇಲೆ ಹೊನ್ನಯ್ಯ ಕಣ್ಣು ಕಿರಿದು ಮಾಡಿಕೊಂಡು ಗೋಡೆಯನ್ನು ನೋಡಿ, ತಟ್ಟೆ ಮುಂದೆ ಕೂತು, ಅರ್ಧ ಮುದ್ದೆಗೆ ಕೈ ತೊಳೆದುಬಿಡುತ್ತಿದ್ದ. ಆಳುದ್ದ ಆಳು ದಿನದಿನಕ್ಕೂ ಇಳಿದುಹೋದ.

ಒಂದು ಸಂಜೆ ಸಣ್ಣತಾಯಮ್ಮನಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಅಡುಗೆಮನೆ ಬಾಗಿಲ ಹತ್ತಿರ ಕೂತಿದ್ದಳು. ಕರೆಂಟು ಹೋಯಿತು. ಎಂದಿನಂತೆ ಬಂದು ಕೂತ ಹೊನ್ನಯ್ಯ ಅವತ್ತು, "ಉಂಡ್ಯೇನಮ್ಮಿ?" ಅಂದ.

ಸೊಸೆಯನ್ನೂ ಅವನು ಅಮ್ಮಿ ಎಂದೇ ಕರೆಯುತ್ತಿದ್ದದ್ದು. ತನ್ನನ್ನೇ ಕೇಳಿದನೆಂದುಕೊಂಡು ಸಣ್ಣತಾಯಮ್ಮ, "ಊಂ, ಉಂಡೆ" ಅಂದಳು.

ಕಟ್ಟಿದ ಗಂಟಲಿನಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. ಆಮೇಲೆ ಹೊನ್ನಯ್ಯ ಬಿಕ್ಕುವುದು ಕೇಳಿಸಿತು.

"ಉಂಡ್ಲಂತೆ! ಕೇಳಿದ್ಯಾ ಯಶೋದಿ? ನಿಮ್ಮವ್ವ ಉಂಡ್ಲಂತೆ!"

ಆಗಲೇ "ನಾನು ಮಾವ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆಯಲೂ ಹೊರಟಿದ್ದಳು. ಅಷ್ಟರಲ್ಲಿ ಕರೆಂಟು ಬಂತು, ಹೊನ್ನಯ್ಯ ತಟ್ಟೆ ಮುಂದೆ ಕೂತ, ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. "ಬಸ್ಸಾರು ಚೆಂದಾಗದೆ ಕಣಮ್ಮಿ, ಇನ್ನೊಂದು ಸೌಟು ಬುಡು" ಅಂದ. ಆ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಸಣ್ಣತಾಯಮ್ಮ ಸಾರು ಬಿಟ್ಟಳು, ಬಾಯಿ ಬಿಡಲಿಲ್ಲ.

ಹಾಗೆ ಶುರುವಾಯಿತು. ನೆಗಡಿ ಹೋದ ಮೇಲೂ ದನಿ ಹೋಗಲಿಲ್ಲ. ಅತ್ತೆಯ ದನಿ ಮಾಡುವುದು ಸಣ್ಣತಾಯಮ್ಮನಿಗೆ ಹೊಸದೂ ಅಲ್ಲ. ಹೊಂಬಾಳಮ್ಮ ಕೆನ್ನೆಯಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಂಡು, ಗಂಟಲು ಕೆರೆದು, ಮಾತನ್ನು ಒಂದು ಪಕ್ಕದಿಂದ ಆಡುತ್ತಿದ್ದವಳು. ಸೊಸೆ ಅದನ್ನು ಅಣಕಿಸಿ ನಾದಿನಿಯನ್ನು ನಗಿಸುತ್ತಿದ್ದಳು. ಒಮ್ಮೆ ಅತ್ತೆಯ ಕೈಗೇ ಸಿಕ್ಕಿಬಿದ್ದಾಗ ಅತ್ತೆ ಬೈಯಲಿಲ್ಲ. "ನಾನ್ ಸತ್ರೂ ಈ ಮನೇಲಿ ನನ್ ಬಾಯಿ ನಿಲ್ಲಾಕಿಲ್ಲ ಬುಡು" ಎಂದು ನಕ್ಕಿದ್ದಳು. ಈಗ ಕತ್ತಲಲ್ಲಿ ಕೂತು ಅದೇ ದನಿಯಲ್ಲಿ ಊಂಗುಟ್ಟುವಾಗ ಸಣ್ಣತಾಯಮ್ಮನಿಗೆ ಆ ಮಾತು ನೆನಪಾಗುತ್ತಿತ್ತು. ಸೊಂಟ ನೋವು ಹೋಯಿತಾ, ಚಳಿಯಾಗುತ್ತದಾ, ಕೆಂದ ಹಸು ಗಬ್ಬವಾಗಿದೆ ಗೊತ್ತಾ ಎಂದು ಹೊನ್ನಯ್ಯ ಕೇಳುತ್ತಿದ್ದ. ಊಂ ಎಂದೋ ಒಂದೆರಡು ಮಾತೋ ಆಡಿದರೆ ಸಾಕು, ಹೊಟ್ಟೆ ತುಂಬ ಉಣ್ಣುತ್ತಿದ್ದ.

ಅವರೆಕಾಯಿಯ ಕಾಲಕ್ಕೆ ದೇವಿರಮ್ಮ ಒಂದು ಮೂಟೆ ಸೊಗಡಿನ ಕಾಯಿ ಹೊರಿಸಿಕೊಂಡು ಮತ್ತೆ ಬಂದಳು. ಬಂದದ್ದು ಕಾಯಿ ಕೊಡಲಿಕ್ಕಲ್ಲ. ಅವಳ ಮಗ ಚಿಕ್ಕಬೋರಯ್ಯನಿಗೆ ನಲವತ್ತರ ಹತ್ತಿರ, ಎರಡು ಮಕ್ಕಳು. ಹೆಂಡತಿ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿತು ಎಂದು ಊರಿನವರು ಹೇಳುತ್ತಿದ್ದರು. ಅದಕ್ಕೆ ಮೊದಲು ಎರಡು ಸಲ ಮೈ ಬಾವು ಬರಿಸಿಕೊಂಡು ತವರಿಗೆ ಓಡಿದ್ದಳೆಂಬುದನ್ನು ಯಾರೂ ಹೇಳುತ್ತಿರಲಿಲ್ಲ.

"ಯಶೋದೀನ ನನ್ ಮಗನಿಗೆ ಕೊಡು ಹೊನ್ನ" ಅಂದಳು ದೇವಿರಮ್ಮ, ಕಾಯಿ ಸುಲಿಯುತ್ತ. "ಸೋದರತ್ತೆ ಮಗ, ಹೊರಗಿನೋನಲ್ಲ. ವರ್ಸ ತುಂಬೋದ್ರೊಳಗೆ ಕನ್ಯಾದಾನ ಆದ್ರೆ ಹೋದವ್ಳಿಗೂ ಒಳ್ಳೇದು."

"ಓದ್ತಾ ಅವ್ಳೆ ಕಣಕ್ಕ."

"ಓದಿ ಏನ್ ಅಮಲ್ದಾರಳಾಗ್ತಾಳಾ? ಅಲ್ಲಿ ಎರಡು ಕೂಸು ತಬ್ಬಲಿಗಳಾಗಿ ಕುಂತವೆ. ಅವ್ವ ಸತ್ತಾಗ ನಿನ್ನ ಸೊಂಟದ ಮ್ಯಾಲೆ ಒತ್ಕಂಡು ಸಾಕಿದ್ದು ಯಾರ್ಲಾ?"

ಹೊನ್ನಯ್ಯ ತಲೆ ಕೆರೆದುಕೊಂಡು, "ಅವ್ಳನ್ನ ಒಂದ್ ಮಾತು ಕೇಳ್ತೀನಿ" ಅಂದ.

"ಯಾರ್ನ?"

"ಹೊಂಬಾಳೀನ."

ದೇವಿರಮ್ಮನ ಕೈಯಲ್ಲಿದ್ದ ಕಾಳು ಮೊರಕ್ಕೆ ಬೀಳದೆ ನೆಲಕ್ಕೆ ಬಿತ್ತು.

ಆ ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಯಶೋದಮ್ಮ ಅತ್ತಿಗೆಯ ಎದುರು ಬಿಂದಿಗೆ ಕುಕ್ಕಿದಳು.

"ಅತ್ಗೆ, ಅದು ನೀನೇ ಅಂತ ನಂಗೊತ್ತು."

ಸಣ್ಣತಾಯಮ್ಮ ಹಗ್ಗ ಬಿಟ್ಟು ಅವಳನ್ನೇ ನೋಡಿದಳು.

"ಮೊದಲ್ನೇ ದಿನದಿಂದ್ಲೂ ಗೊತ್ತು. ಅಪ್ಪ ಉಣ್ತದಲ್ಲ ಅಂತ ಸುಮ್ಕಿದ್ದೆ. ಬ್ಯಾಡ ಅನ್ನು ಅತ್ಗೆ, ನಿನ್ ಕಾಲಿಗೆ ಬೀಳ್ತೀನಿ. ಆ ಬಾವೀಗೆ ಬಿದ್ದೋಳ ಜಾಗಕ್ಕೆ ನನ್ನ ಕಳಿಸ್ತಾರೆ."

"ಸುಮ್ನಿರು. ಅಳ್ಬ್ಯಾಡ. ನೀರು ಸೇದು."

ಎರಡು ದಿನ ಕರೆಂಟು ಹೋಗಲೇ ಇಲ್ಲ. ಎಂದೂ ಇಲ್ಲದ್ದು, ಬಲ್ಬು ಬೆಳ್ಳಗೆ ಉರಿಯುತ್ತಲೇ ಇತ್ತು. ಹೊನ್ನಯ್ಯ ಅದನ್ನು ನೋಡಿ ನೋಡಿ ಚಡಪಡಿಸಿದ. ಮೂರನೆಯ ಸಂಜೆ ಹೋಯಿತು. ಹೊನ್ನಯ್ಯ ಬಂದು ಕೂತ ಸದ್ದಾಯಿತು.

"ಅಮ್ಮಿ, ಅಕ್ಕ ಯಶೋದೀನ ಕೇಳ್ತಾ ಅವ್ಳೆ. ಚಿಕ್ಕಬೋರನಿಗೆ. ಕೊಡ್ಲಾ?"

ಗಂಟಲು ಕೆರೆದ ಸದ್ದು. ಆಮೇಲೆ, "ಬ್ಯಾಡ. ಆ ಮನೆಗೆ ಕೊಡ್ಬ್ಯಾಡಿ."

ಬೆಳಗ್ಗೆ ಹೊನ್ನಯ್ಯ ಅಕ್ಕನಿಗೆ ಆಗೋದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ. ದೇವಿರಮ್ಮ ರೇಗಲಿಲ್ಲ, ಊರಿಗೂ ಹೊರಡಲಿಲ್ಲ. ಇನ್ನಷ್ಟು ದಿನ ಇದ್ದು ಹೋಗುತ್ತೇನೆ ಅಂದಳು. ಅವತ್ತಿನಿಂದ ಸಂಜೆಯಾದರೆ ಸಣ್ಣತಾಯಮ್ಮ ಎಲ್ಲಿ ಕೂರುತ್ತಾಳೋ ಅಲ್ಲಿ ಬಂದು ಕೂರತೊಡಗಿದಳು.

ಅಷ್ಟು ಹೊತ್ತಿಗೆ ಸಣ್ಣತಾಯಮ್ಮನಿಗೇ ಏನೋ ಆಗತೊಡಗಿತ್ತು. ಹಗಲು ಹೊತ್ತಿನಲ್ಲೂ ಮಾತಿಗೆ ಮುಂಚೆ ಗಂಟಲು ಕೆರೆಯುತ್ತಿದ್ದಳು. ಒಲೆ ಮುಂದೆ ಕೂತಾಗ ಕೈ ತಾನಾಗಿ ಅತ್ತೆಯ ಕಡ್ಡಿಪುಡಿ ಡಬ್ಬಿಯ ಕಡೆ ಹೋಗುತ್ತಿತ್ತು. ಒಂದು ಬೆಳಗ್ಗೆ ರೈಲಿಗೆ ಹೊತ್ತಾಯಿತೆಂದು ಗಂಡನನ್ನು ಎಬ್ಬಿಸಲು ಹೋದವಳ ಬಾಯಲ್ಲಿ, "ಲೇ ತಿಮ್ಮ, ಏಳ್ಲಾ, ಬಿಸ್ಲು ಬಂತು" ಎಂದು ಬಂತು. ದನಿ ಹೊಂಬಾಳಮ್ಮನದು.

ತಿಮ್ಮಯ್ಯ ಚಾಪೆಯಿಂದ ಜಿಗಿದು ಗೋಡೆಗೆ ಒರಗಿ ನಿಂತ. ಎದುರಿಗಿದ್ದವಳು ಹೆಂಡತಿ. ಅವಳೂ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಎಲ್ಲ ಹೊರಬಿತ್ತು.

"ಸತ್ತೋರ ಹೆಸರಲ್ಲಿ ಆಟಾನೇನೇ? ಅವ್ವನ್ನ ಬೊಂಬೆ ಮಾಡ್ಕಂಡಿದ್ದೀಯಾ?"

"ನಿಮ್ಮಪ್ಪ ಉಣ್ತಾ ಅವ್ರಲ್ಲ, ಅದು ಕಾಣಾಕಿಲ್ವಾ ನಿಮ್ಗೆ?"

"ನಿನ್ ಮುಖ ನೋಡ್ಕೊ ಹೋಗಿ! ನಿಂಗೇ ಅವ್ಳು ಮೆಟ್ಕಂಡವ್ಳೆ. ಇನ್ನೊಂದು ಸಲ ಆ ದನಿ ಕೇಳಿದ್ರೆ ಪೂರಿಗಾಲಿ ಬಸ್ಸು ಹತ್ಸ್‌ತೀನಿ."

"ಯಶೋದಿ ಗತಿ?"

"ಅದನ್ನ ನಾನ್ ಮಾತಾಡ್ತೀನಿ ಅಪ್ಪನ ಹತ್ರ."

ತಿಮ್ಮಯ್ಯ ಅಪ್ಪನ ಎದುರು ಬಾಯಿ ಬಿಟ್ಟವನಲ್ಲ, ಅವತ್ತೂ ಬಿಡಲಿಲ್ಲ. ಸಣ್ಣತಾಯಮ್ಮ ಮಾತ್ರ ಗಂಡನ ಮಾತು ಮೀರಲಿಲ್ಲ. ಅವಳಿಗೂ ಭಯ ಹತ್ತಿತ್ತು. ಮುಂದಿನ ಸಲ ಬಲ್ಬು ಕೆಂಪಾಗುತ್ತಿದ್ದಂತೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋಗಿ, ಕರೆದ ಎಮ್ಮೆಯನ್ನೇ ಮತ್ತೆ ಕರೆಯುತ್ತ, ಕಿವಿಗೆ ಸೆರಗು ಸುತ್ತಿಕೊಂಡು ಕೂತಳು. ಕರೆಂಟು ಬಂದ ಮೇಲೆ ಒಳಗೆ ಬಂದರೆ ಹೊನ್ನಯ್ಯನ ಮುಖ ಅರಳಿತ್ತು.

"ಒಪ್ಪಿದ್ಲು ಕಣಮ್ಮಿ!"

"ಯಾರು ಮಾವ?"

"ನಿಮ್ಮತ್ತೆ. ಅವತ್ತು ಏನೋ ಬೇಜಾರಲ್ಲಿ ಅಂದೆ, ತಾಯಿಲ್ದ ಕೂಸುಗಳ ಮುಖ ನೋಡಿ, ಅಕ್ಕನ ಮಗನಿಗೇ ಕೊಡಿ ಅಂದ್ಲು. ಬರೋ ಭಾನುವಾರ ವೀಳ್ಯ ಇಟ್ಕಂಡುಬುಡಾನ."

ಯಶೋದಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮೂಲೆಯಲ್ಲಿ ದೇವಿರಮ್ಮ ತಲೆಯೆತ್ತದೆ ಅವರೆಕಾಳು ಹಿದುಕುತ್ತಿದ್ದಳು.

ದೇವಿರಮ್ಮ ಎದ್ದು ಅಡುಗೆಮನೆಗೆ ಹೋದಾಗ ಸಣ್ಣತಾಯಮ್ಮ ಅವಳನ್ನು ಹಿಂಬಾಲಿಸಿದಳು.

"ನೀವೇ ಅಲ್ವಾ?"

"ಮೊದ್ಲು ನೀನಲ್ವಾ?" ದೇವಿರಮ್ಮ ನಾಚಲಿಲ್ಲ. "ಒಂದಿನ ನನ್ ಮಗ್ಗುಲಲ್ಲೇ ಕುಂತು ಮಾತಾಡ್ದೆ. ನಂಗೇನು ಕಿವುಡಾ? ನಿನ್ ಬಾಯಲ್ಲಿ ಬರೋಳು ನನ್ ಬಾಯಲ್ಲಿ ಯಾಕ್ ಬರ್ಬಾರ್ದು?"

"ನಿಮ್ ಮಗ ಆ ಹೆಣ್ಣನ್ನ ಏನ್ ಮಾಡ್ದ ಅಂತ ನಿಮ್ಗೆ ಗೊತ್ತು ಅತ್ತೆ."

ದೇವಿರಮ್ಮನ ದನಿ ತಗ್ಗಿತು. "ಗೊತ್ತು. ಬೆಳಗಾನ ಎರಡು ಕೂಸು ಅವ್ವಾ ಅವ್ವಾ ಅಂತ ನನ್ ಒಣಗಿದ ಎದೆ ತಡಕ್ತವೆ. ಅದೂ ಗೊತ್ತು. ಓಗು, ನಿಮ್ಮಾವನಿಗೆ ಏಳು. ಮೊದ್ಲು ಬಂದೋಳೂ ಸುಳ್ಳು, ಈಗ ಬಂದೋಳೂ ಸುಳ್ಳು ಅನ್ನು. ಆಮ್ಯಾಕೆ ಅವನು ಒಂದು ತುತ್ತು ಎತ್ತಿದ್ರೆ ನನ್ನ ಕೇಳು."

ಸಣ್ಣತಾಯಮ್ಮ ಹೇಳಲಿಲ್ಲ. ನಾಳೆ ಹೇಳುತ್ತೇನೆ, ನಾಳಿದ್ದು ಹೇಳುತ್ತೇನೆ ಎಂದು ಮನಸ್ಸಿನಲ್ಲೇ ದಿನ ತಳ್ಳಿದಳು. ಹೊನ್ನಯ್ಯ ಆ ವಾರವೆಲ್ಲ ಹಾಡಿಕೊಂಡು ಓಡಾಡಿದ, ಮುದ್ದೆ ಮೇಲೆ ಮುದ್ದೆ ಉಂಡ. ಯಶೋದಮ್ಮ ಸ್ಕೂಲಿಗೆ ಹೋಗುವುದನ್ನು ಬಿಟ್ಟಳು, ಅತ್ತಿಗೆಯ ಜೊತೆ ಮಾತನ್ನೂ ಬಿಟ್ಟಳು.

ಭಾನುವಾರ ಬಂತು. ಬೆಸಗರಹಳ್ಳಿಯ ಬಸ್ಸಿಗೆ ಚಿಕ್ಕಬೋರಯ್ಯನೂ ಹಿರಿಯರೂ ಬರುವವರಿದ್ದರು. ಹೊನ್ನಯ್ಯ ನಡುಮನೆಯಲ್ಲಿ ತಾನೇ ಕೂತು ವೀಳ್ಯದೆಲೆ ಒರೆಸಿ ತಟ್ಟೆಗೆ ಜೋಡಿಸುತ್ತಿದ್ದ. ದೇವಿರಮ್ಮ ತೆಂಗಿನಕಾಯಿಗೆ ಅರಿಶಿನ ಹಚ್ಚುತ್ತಿದ್ದಳು. ತಿಮ್ಮಯ್ಯ ಕಂಬಕ್ಕೊರಗಿ ನೆಲ ನೋಡುತ್ತಿದ್ದ. ಬೆಳಗಿನ ಬಿಸಿಲು ಗೋಡೆಯವರೆಗೂ ಬಂದಿತ್ತು. ಒಳಗಿನಿಂದ ಯಶೋದಮ್ಮ ಬಿಕ್ಕುವುದು ಕೇಳಿಸಿತು. ಸಣ್ಣತಾಯಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದು ಮಾವನ ಎದುರು ಕೂತಳು.

"ಮಾವ, ಅತ್ತೆ ಒಪ್ಪಿಲ್ಲ. ಅತ್ತೆ ಬ್ಯಾಡ ಅಂತಾನೂ ಅನ್ನಿಲ್ಲ. ಎಲ್ಲಾ ನಾನು ಆಡಿದ್ದು. ಹೋದ ಸಲದ್ದು ದೊಡ್ಡತ್ತೆ ಆಡಿದ್ದು."

ಹೊನ್ನಯ್ಯ ನಕ್ಕ. "ನಂಗೆ ನನ್ ಹೆಂಡ್ತಿ ದನಿ ಗೊತ್ತಾಗಾಕಿಲ್ವಾ? ಓಗು, ಒಲೆ ನೋಡೋಗು."

ಸಣ್ಣತಾಯಮ್ಮ ಗಂಡನ ಕಡೆ ನೋಡಿದಳು. ತಿಮ್ಮಯ್ಯ ತಲೆಯೆತ್ತಿದ; ಬೇಡ ಎನ್ನಲಿಲ್ಲ. ಅವಳು ಗಂಟಲು ಕೆರೆದಳು. ಬಾಯಿ ಒಂದು ಪಕ್ಕಕ್ಕೆ ಹೋಯಿತು.

"ಉಂಡ್ರಾ? ಚಳೀಲಿ ಯಾಕ್ ಬರಿ ನೆಲದ ಮ್ಯಾಲೆ ಕುಂತೀರಿ?"

ಹೊಂಬಾಳಮ್ಮ ಹಾಡಹಗಲಲ್ಲಿ, ಬಿಸಿಲಿನಲ್ಲಿ, ಸೊಸೆಯ ಬಾಯಿಂದ ಮಾತಾಡಿದಳು. ಒಳಗೆ ಯಶೋದಮ್ಮನ ಅಳು ನಿಂತಿತು. ಹೊನ್ನಯ್ಯ ಆ ಬಾಯನ್ನೇ ನೋಡುತ್ತ ಕೂತ. ನೋಡುತ್ತ ನೋಡುತ್ತ ಅವನ ಮುಖ ಮುದಿಯಾಯಿತು.

"ಅಕ್ಕ, ನೀನೂನಾ?"

ದೇವಿರಮ್ಮ ಕಾಯಿ ಕೆಳಗಿಟ್ಟು ಹೂಂಗುಟ್ಟಿದಳು.

ಹೊನ್ನಯ್ಯ ತಟ್ಟೆಯನ್ನು ಕೈಯಿಂದ ದೂರ ಸರಿಸಿದ. "ವೀಳ್ಯ ಎತ್ತಿಡ್ಲಾ ತಿಮ್ಮ. ಅವ್ಳು ಒಪ್ದೇ ಇದ್ಮೇಲೆ ಈ ಮದ್ವೆ ಇಲ್ಲ. ಯಶೋದೀಗೆ ಏಳು, ನಾಳಿಂದ ಸ್ಕೂಲ್ಗೆ ಓಗ್ಲಿ." ಆಮೇಲೆ ಸೊಸೆಯ ಕಡೆ ತಿರುಗಿದ. "ಸೊಂಟ ನೋವು ಓಯ್ತು ಅಂದಿದ್ದು?"

"ನಾನೇ ಮಾವ."

"ಚಳಿಯಾಗಾಕಿಲ್ಲ ಅಂದಿದ್ದು?"

"ನಾನೇ."

"ಹಸೂಗೆ ಹುಲ್ಲು ಜಾಸ್ತಿ ಹಾಕಿ ಅಂದಿದ್ದು?"

"ಅದೂ ನಾನೇ ಮಾವ." ಸಣ್ಣತಾಯಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಒಂದೊಂದು ಸಂಜೆಯನ್ನೂ ಅವಳೇ ಅವನ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

"ಅಂಗಾರೆ ಒಂದಿನಾನೂ ಬರ್ನಿಲ್ವಾ ಅವ್ಳು?"

ಹೊನ್ನಯ್ಯ ನೆಲವನ್ನು ಅಂಗೈಯಿಂದ ಒಮ್ಮೆ ಸವರಿದ.

"ಸಂಕ್ರಾಂತಿ ಆದ್ಮೇಲೆ ಒಂದು ಸಂಜೆ. ತಪ್ಪಾಯ್ತು ಕಣಮ್ಮಿ, ನನ್ ಜಂಬಕ್ಕೆ ನಿನ್ ದೀಪ ಆರಿಸ್ಬುಟ್ಟೆ ಅಂದೆ. ಹೋಗ್ಲಿ ಬುಡಿ, ನಿಮ್ದೇನ್ ತಪ್ಪು ಅಂದ್ಲು. ಅದೂ ನೀನೇ ಏನಮ್ಮಿ?"

ಅದನ್ನು ಹೇಳಿದ್ದೂ ಸಣ್ಣತಾಯಮ್ಮನೇ. ಮಾವ ಅಳುವುದನ್ನು ಕೇಳಲಾರದೆ, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದ್ದಳು. ಆ ಸಂಜೆ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದವಳು ದೇವಿರಮ್ಮ.

"ಅಲ್ಲ ಮಾವ" ಅಂದಳು ಸಣ್ಣತಾಯಮ್ಮ. "ಅವತ್ತು ನಾನು ಒಳಗೇ ಇರ್ನಿಲ್ಲ."

ಹೊನ್ನಯ್ಯ ನಂಬಲಿಲ್ಲ. ಮೆಲ್ಲಗೆ ಅಕ್ಕನ ಕಡೆ ನೋಡಿದ. ಅದನ್ನೂ ಸುಳ್ಳು ಮಾಡಲು ಒಂದು ಮಾತು ಸಾಕಿತ್ತು ದೇವಿರಮ್ಮನಿಗೆ. ಮಗನ ಮದುವೆ ಮುರಿದ ಹೆಣ್ಣು ಎದುರಿಗೇ ಕೂತಿದ್ದಳು.

ದೇವಿರಮ್ಮ ಅರಿಶಿನದ ಕೈಯನ್ನು ಸೀರೆಗೆ ಒರೆಸಿಕೊಂಡಳು.

"ಅವತ್ತು ಇವ್ಳು ಹಿತ್ಲಲ್ಲಿ ಪಾತ್ರೆ ಉಜ್ತಾ ಇದ್ಲು ಕಣ್ಲಾ ಹೊನ್ನ. ನಾನೇ ಕಂಡಿವ್ನಿ. ದನಿ ಈ ಗ್ವಾಡೆ ಕಡೆಯಿಂದ ಬಂತು. ನಾನೂ ಕೇಳ್ದೆ."

"ನೀನೂ ಕೇಳಿದ್ಯಾ?"

"ಹೂಂ ಕಣಪ್ಪ. ಬುಡಿ ಅಂದ್ಲು."

ಹೊನ್ನಯ್ಯ ಬಹಳ ಹೊತ್ತು ಗೋಡೆ ನೋಡುತ್ತ ಕೂತ. ದೇವಿರಮ್ಮ ತನ್ನ ಗಂಟು ಎತ್ತಿಕೊಂಡು, ಮಗನನ್ನು ಬಂದ ಬಸ್ಸಿನಲ್ಲೇ ವಾಪಸು ಕರೆದುಕೊಂಡು ಹೋಗಲು ನಿಲ್ದಾಣದ ಕಡೆ ನಡೆದಳು. ಬಾಗಿಲವರೆಗೆ ಹೋದ ಸಣ್ಣತಾಯಮ್ಮನ ಕಡೆ ಅವಳು ತಿರುಗಿ ನೋಡಲಿಲ್ಲ.